ಕಂದಾಯದ ರಸೀದಿಯಿಂದ ಅಳತೆ ಪುಸ್ತಕದವರೆಗೆ

ಮನೆ ಕಂದಾಯವನ್ನು ನಾನು ಏಪ್ರಿಲ್‌ನಲ್ಲೇ ಕಟ್ಟಿಬಿಡುತ್ತೇನೆ. ಆ ತಿಂಗಳು ಕಟ್ಟಿದರೆ ಶೇ 5 ರಿಯಾಯಿತಿ. ರಸೀದಿಯನ್ನು ಸುಮ್ನೆ ಫೈಲಿಗೆ ಹಾಕುತ್ತಿದ್ದೆ. ಒಂದು ವರ್ಷ ಕೂತು ಓದಿದೆ. ತೆರಿಗೆಯ ಮೇಲೆ ಆರೋಗ್ಯ ಸೆಸ್ ಶೇ 15, ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಸೆಸ್ ಶೇ 3. ಈ ಮೂರನ್ನೂ ನಗರಸಭೆ ವಸೂಲಿ ಮಾಡಿ ಬೇರೆ ಕಡೆಗೆ ಕೊಡಬೇಕು. ರಸೀದಿಯ ಮೊತ್ತದಲ್ಲಿ ನಮ್ಮ ಚರಂಡಿ, ಬೀದಿ ದೀಪಕ್ಕೆ ಒದಗುವುದು ಮೂಲ ತೆರಿಗೆ. ಹಾಗಾಗಿ ಅದರ ಒಂದೊಂದು ರೂಪಾಯಿಗೂ ಬೆಲೆ ಇದೆ.

ಅದೇ ವರ್ಷ ನಮ್ಮ ಅಡ್ಡರಸ್ತೆಗೆ ಹೊಸ ಚರಂಡಿ ಆಯಿತು. ಮೊದಲ ಜೋರು ಮಳೆಗೇ ಕೊನೆಯ ಎರಡು ಮನೆಗಳ ಅಂಗಳಕ್ಕೆ ಕೊಳಚೆ ನುಗ್ಗಿತು. ಕಚೇರಿಯಲ್ಲಿ ಕೇಳಿದರೆ, "ಕೆಲಸ ಮುಗೀತು, ಬಿಲ್ಲೂ ಆಯ್ತು ಸಾರ್" ಅಂದರು.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಮೊದಲನೆಯದು ವಾಪಸ್ ಬಂತು. ಚರಂಡಿ, ರಸ್ತೆ, ದೀಪ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬಿದ್ದೆ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಜೊತೆಗೆ, "ನೀರು ಯಾಕೆ ನುಗ್ಗಿತು?" ಅಂತ ಕೇಳಿದ್ದೆ. ಆ ಕಾಯ್ದೆಯಲ್ಲಿ ಕೇಳಬೇಕಾದ್ದು ದಾಖಲೆ, ಕಾರಣ ಅಲ್ಲ. ಎರಡನೇ ಸಲ ₹10ರ ಪೋಸ್ಟಲ್ ಆರ್ಡರ್ ಇಟ್ಟು ನಾಲ್ಕೇ ಕೇಳಿದೆ: ಅಂದಾಜು ಪಟ್ಟಿ (ಏನನ್ನು ಯಾವ ಅಳತೆಗೆ ಕಟ್ಟಬೇಕು ಎಂಬ ಲೆಕ್ಕ), ಕಾರ್ಯಾದೇಶ (ಗುತ್ತಿಗೆದಾರರಿಗೆ ಕೆಲಸ ಒಪ್ಪಿಸಿದ ಪತ್ರ), ಅಳತೆ ಪುಸ್ತಕದ ಪುಟಗಳು, ಬಿಲ್. 30 ದಿನ ಕಳೆದರೂ ಉತ್ತರ ಬರಲಿಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ ಕಾಗದ ಕೈಗೆ ಬಂತು. ಗಡುವು ಮೀರಿದ್ದರಿಂದ ಪುಟಕ್ಕೆ ₹2 ಕಟ್ಟಬೇಕಾಗಲಿಲ್ಲ.

ಈ ನಾಲ್ಕರಲ್ಲಿ ಜೀವಾಳ ಅಳತೆ ಪುಸ್ತಕ. ಎಲ್ಲರೂ ಎಂ.ಬಿ. ಅಂತಾರೆ. ಎಂಜಿನಿಯರ್ ಜಾಗಕ್ಕೆ ಹೋಗಿ ಅಳೆದು ಉದ್ದ, ಅಗಲ, ಆಳ ಬರೆಯುತ್ತಾರೆ. ಅದರ ಮೇಲೇ ಬಿಲ್ ಪಾಸಾಗುತ್ತದೆ. ನಮ್ಮದರಲ್ಲಿ ಉದ್ದ 92 ಮೀಟರ್ ಎಂದಿತ್ತು. ಭಾನುವಾರ ಬೆಳಿಗ್ಗೆ ಪಕ್ಕದ ಮನೆ ಮೇಷ್ಟ್ರು ಟೇಪಿನ ಒಂದು ತುದಿ ಹಿಡಿದರು, ನಾನು ಇನ್ನೊಂದು. ಎರಡು ಸಲ ಅಳೆದೆವು. 71 ಮೀಟರ್. ಉಳಿದ 21 ಮೀಟರ್ ದೊಡ್ಡ ಮೋರಿಗೆ ಸೇರಬೇಕಿದ್ದ ಭಾಗ. ಅದನ್ನು ಕಟ್ಟೇ ಇರಲಿಲ್ಲ. ನೀರು ಅಂಗಳಕ್ಕೆ ಬಾರದೆ ಇನ್ನೆಲ್ಲಿಗೆ ಹೋದೀತು? ನನಗೆ ತುಂಬಾ ಸಿಟ್ಟು ಬಂತು. ಕೊನೆಯ ಮನೆಯ ಅಜ್ಜಿ ಮೂರು ದಿನ ಕೊಳಚೆ ಎತ್ತಿ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೆ.

ಆದರೂ ಪತ್ರದಲ್ಲಿ ಯಾರನ್ನೂ ಬೈಯಲಿಲ್ಲ. ಎಂ.ಬಿ. ಪುಟ, ಟೇಪಿನ ಫೋಟೋ, ಹದಿನಾಲ್ಕು ಮನೆಯವರ ಸಹಿ ಜೋಡಿಸಿ ಪೌರಾಯುಕ್ತರಿಗೆ ಕೊಟ್ಟು ಸ್ವೀಕೃತಿ ಪಡೆದೆ. ಕೆಲಸ ಸರಿಯಾಗಲಿ ಅಂತ ಹಿಡಿದಿಡುವ ಗುತ್ತಿಗೆದಾರರ ಠೇವಣಿ ಇನ್ನೂ ನಗರಸಭೆಯ ಕೈಯಲ್ಲೇ ಇತ್ತು. ಅದನ್ನು ವಾಪಸ್ ಕೊಟ್ಟಾದ ಮೇಲೆ ಕೇಳಿದ್ದರೆ ಕಷ್ಟವಾಗುತ್ತಿತ್ತು. ಬೇರೊಬ್ಬ ಎಂಜಿನಿಯರ್ ಬಂದು ಅಳೆದರು. ಜನವರಿ ಹೊತ್ತಿಗೆ ಬಾಕಿ ಭಾಗ ಕಟ್ಟಿದರು.

ಈ ಓಡಾಟದಲ್ಲಿ ನನ್ನದೇ ಒಂದು ಲೆಕ್ಕ ಸರಿಪಡಿಸಬೇಕಾಯಿತು. ನಮ್ಮಲ್ಲಿ ಆಸ್ತಿ ತೆರಿಗೆ ಸ್ವಯಂ ಘೋಷಣೆಯದು. ಎಷ್ಟು ಚದರಡಿ ಕಟ್ಟಿದ್ದೇವೆ ಅಂತ ನಾವೇ ಬರೆದುಕೊಡಬೇಕು. ಮೇಲೆ ಕಟ್ಟಿಸಿದ ಕೋಣೆ ನನ್ನ ಘೋಷಣೆಗೆ ಸೇರಿರಲಿಲ್ಲ. ಚರಂಡಿಯ ಅಳತೆ ಕೇಳುವವನು ಮನೆಯ ಅಳತೆ ಬಚ್ಚಿಡಬಾರದು ಅಲ್ವಾ? ಸೇರಿಸಿದೆ, ಹಿಂದಿನ ವರ್ಷಗಳ ಬಾಕಿಯನ್ನು ದಂಡದ ಸಮೇತ ಕಟ್ಟಿದೆ. ಈಗ ಕಂದಾಯ ಜಾಸ್ತಿ ಬರುತ್ತದೆ.

ಒಂದು ವಿಷಯ ತಡವಾಗಿ ತಿಳಿಯಿತು. ಚರಂಡಿಯ ತಳಕ್ಕೆ ಹಾಕುವ ಕಾಂಕ್ರೀಟ್ ಬೆಡ್ಡಿನ ದಪ್ಪವನ್ನು ಕೆಲಸ ಮುಗಿದ ಮೇಲೆ ಟೇಪಿನಲ್ಲಿ ಅಳೆಯಲು ಆಗುವುದಿಲ್ಲ. ಹೋದ ವಾರ ಮೇಲಿನ ಬೀದಿಯಲ್ಲಿ ಅಗೆತ ಶುರುವಾಯಿತು. ಅಲ್ಲಿನವರು ಈಗಲೇ ಅಂದಾಜು ಪಟ್ಟಿಗೆ ಅರ್ಜಿ ಹಾಕಿದ್ದಾರೆ, ಟೇಪನ್ನು ನಮ್ಮ ಮನೆಯಿಂದ ತೆಗೆದುಕೊಂಡು ಹೋಗಿದ್ದಾರೆ.