ಒಂದೇ ಟ್ಯಾಂಕಿನಲ್ಲಿದ್ದ ನನ್ನ ಎರಡು ಆಮೆಗಳು

ನನ್ನ ಎರಡು ರೆಡ್ ಇಯರ್ಡ್ ಸ್ಲೈಡರ್‌ಗಳು ಮರಿಯಿದ್ದಾಗಿನಿಂದ ಒಂದೇ ಟ್ಯಾಂಕಿನಲ್ಲಿದ್ದವು. ದೀಪದ ಕೆಳಗೆ ಒಂದರ ಬೆನ್ನ ಮೇಲೊಂದು ಹತ್ತಿ ಕೂರುತ್ತಿದ್ದವು. ಎಷ್ಟು ಹೊಂದಿಕೊಂಡಿವೆ ಎಂದು ನಾನು ಖುಷಿಪಡುತ್ತಿದ್ದೆ. ಮೂರನೇ ವರ್ಷ ಒಂದು ಬೆಳಿಗ್ಗೆ ನೀರು ಬದಲಿಸಲು ದೊಡ್ಡದನ್ನು ಎತ್ತಿದೆ. ಬಾಲದ ಬುಡದಲ್ಲಿ ಹಸಿ ಗಾಯ. ಚಿಪ್ಪಿನ ಮರೆಯಲ್ಲಿದ್ದದ್ದು, ಎತ್ತದೇ ಇದ್ದಿದ್ದರೆ ಕಾಣುತ್ತಲೇ ಇರಲಿಲ್ಲ.

ಅವತ್ತೇ ಎರಡನ್ನೂ ಬೇರೆ ಮಾಡಿ, ಪಶುವೈದ್ಯರ ಹತ್ತಿರ ಹೋದೆ. ಅವರು ಹೇಳಿದಂತೆ ನೀರಿನಲ್ಲಿ ತೆಳುವಾಗಿ ಬೆರೆಸಿದ ಪೊವಿಡೋನ್ ಅಯೋಡಿನ್ ಎಂಬ ನಂಜುನಿರೋಧಕ ಔಷಧಿಯಿಂದ ಗಾಯ ತೊಳೆದೆ. ಗಾಯ ಒಣಗಬೇಕಲ್ವಾ, ಹಾಗಾಗಿ ಬೆಚ್ಚಗಿನ ಡಬ್ಬದಲ್ಲಿ ಒಣಗಲು ಇಟ್ಟು, ಊಟಕ್ಕೆ ಮತ್ತು ಕುಡಿಯುವುದಕ್ಕೆ ಮಾತ್ರ ದಿನಕ್ಕೆರಡು ಸಲ ಶುದ್ಧ ನೀರಿಗೆ ಬಿಡುತ್ತಿದ್ದೆ.

ಕಚ್ಚಿದ್ದು ಯಾಕೆ ಎಂದು ಆಮೇಲೆ ಅರ್ಥವಾಯಿತು. ಚಿಕ್ಕದರ ಮುಂಗಾಲಿನ ಉಗುರು ಉದ್ದ, ಬಾಲ ದಪ್ಪ. ಅದು ಗಂಡು. ದೊಡ್ಡದು ಹೆಣ್ಣು. ಚಿಕ್ಕದು ಅವಳ ಮುಖದ ಮುಂದೆ ಉಗುರು ಅಲುಗಿಸುವುದನ್ನು ಆಟ ಎಂದುಕೊಂಡಿದ್ದೆ. ಗಂಡು ಹೆಣ್ಣನ್ನು ಒಲಿಸಿಕೊಳ್ಳುವ ರೀತಿ ಅದು. ಅವಳು ಮುಖ ತಿರುಗಿಸಿದರೆ ಹಿಂದೆ ಬಂದು ಕಚ್ಚುತ್ತಿತ್ತು. ಕೆರೆಯಲ್ಲಾದರೆ ಈಜಿ ದೂರ ಹೋಗುತ್ತಿದ್ದಳು. ನನ್ನ ಟ್ಯಾಂಕಿನಲ್ಲಿ ಎಲ್ಲಿಗೆ ಹೋಗಬೇಕು? ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 40 ಲೀಟರ್ ನೀರು ಬೇಕು ಎಂಬ ಲೆಕ್ಕವಿದೆ. ಅವಳದ್ದು 7 ಇಂಚು, ಅವನದ್ದು 5. ನನ್ನ ಟ್ಯಾಂಕು 150 ಲೀಟರ್. ಅವಳೊಬ್ಬಳಿಗೇ ಸಾಲದು. ಬೆನ್ನ ಮೇಲೆ ಹತ್ತುತ್ತಿದ್ದದ್ದೂ ಪ್ರೀತಿಯಿಂದಲ್ಲ, ಬಿಸಿ ಜಾಗ ಒಂದೇ ಇತ್ತು.

ಗಾಯ ಮಾಯ್ದ ಮೇಲೆ ದೊಡ್ಡ ಟ್ಯಾಂಕು ತಂದು ಎರಡನ್ನೂ ಮತ್ತೆ ಒಟ್ಟಿಗೆ ಬಿಟ್ಟೆ. ಬಿಸಿಲು ಕಾಯಲು ಎರಡು ಕಟ್ಟೆ ಮಾಡಿದೆ. ಬೇರೆ ಬೇರೆ ಬಕೆಟ್ಟಿನಲ್ಲಿ ಊಟ ಹಾಕಿದೆ. ಊಟದ ಹೊತ್ತಿನ ಕಿತ್ತಾಟ ನಿಂತಿತು, ಅಟ್ಟಾಡಿಸುವುದು ನಿಲ್ಲಲಿಲ್ಲ. ನಡುವೆ ಗಾಜು ನಿಲ್ಲಿಸಿದೆ. ಅವನು ದಿನವಿಡೀ ಗಾಜು ಕೆರೆಯುತ್ತಿದ್ದ, ಅವಳು ನೀರಿನಿಂದ ಮೇಲೇ ಬರುತ್ತಿರಲಿಲ್ಲ. ಕಣ್ಣಿಗೆ ಕಂಡರೂ ಸಾಕು, ಕಾಟವೇ. ತಡೆ ಹಾಕುವುದಾದರೆ ಆಚೆ ಕಾಣದಂಥದ್ದೇ ಹಾಕಿ.

ಕೊನೆಗೆ ಅವನಿಗೆ ಇನ್ನೊಂದು ಟ್ಯಾಂಕು ತಂದೆ. ಫಿಲ್ಟರ್, ಬಿಸಿ ದೀಪ, ಬಿಸಿಲಿನಲ್ಲಿರುವಂಥ ಕಿರಣ ಕೊಡುವ ಯುವಿಬಿ ದೀಪ ಎಲ್ಲವೂ ಎರಡೆರಡು. ಖರ್ಚು, ಕೆಲಸ ಎರಡೂ ಜಾಸ್ತಿಯಾಯಿತು ನಿಜ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಒಂಟಿಯಾದರೆ ಕೊರಗುತ್ತವೇನೋ ಎಂಬ ಭಯದಲ್ಲಿ ಸುಮ್ನೆ ತಿಂಗಳುಗಟ್ಟಲೆ ಅವಳನ್ನು ನೋಯಿಸಿದೆ. ಆಮೆಗಳಿಗೆ ಜೊತೆ ಬೇಕಿಲ್ಲ. ಎರಡು ಗಂಡುಗಳಾದರೂ ಕಾದಾಡುತ್ತವೆ. ಹೆಣ್ಣುಗಳು ಕೆಲವೊಮ್ಮೆ ಹೊಂದಿಕೊಳ್ಳುತ್ತವೆ, ಆದರೂ ಆಗಾಗ ಎತ್ತಿ ಬಾಲ, ಹಿಂಗಾಲು, ಕುತ್ತಿಗೆ ನೋಡುತ್ತಿರಬೇಕು.

ಬೇರೆಯಾದ ನಾಲ್ಕನೇ ದಿನ ಅವಳು ತಾನಾಗಿಯೇ ಕಟ್ಟೆ ಹತ್ತಿದಳು. ಹಿಂಗಾಲುಗಳನ್ನು ಉದ್ದಕ್ಕೆ ಚಾಚಿ, ಕಣ್ಣು ಮುಚ್ಚಿ ದೀಪದ ಕೆಳಗೆ ಮಲಗಿದಳು. ಎಷ್ಟೋ ತಿಂಗಳಿಂದ ಅವಳು ಹಾಗೆ ಕಾಲು ಚಾಚಿದ್ದನ್ನು ನಾನು ನೋಡಿರಲೇ ಇಲ್ಲ.