ಸಂಪಾದನೆ ನಿಂತಾಗ ಮೊದಲು ಅಳತೆ ಪುಸ್ತಕ ತೆಗೆಯಿರಿ

2020ರ ಯುಗಾದಿ ಮಾರ್ಚ್ 25ಕ್ಕೆ ಬಿತ್ತು. ಲಾಕ್‌ಡೌನ್ ಶುರುವಾಗಿದ್ದೂ ಅವತ್ತೇ. ತುಮಕೂರಿನ ನನ್ನ ಟೈಲರಿಂಗ್ ಅಂಗಡಿಯಲ್ಲಿ ಹುಕ್ಕು ಹಾಕಿ, ಇಸ್ತ್ರಿ ಮಾಡಿಟ್ಟ 23 ಬ್ಲೌಸು ನೇತಾಡುತ್ತಿದ್ದವು. ಅದರಲ್ಲಿ ಎರಡು, ಇಬ್ಬರು ಮದುವೆ ಹೆಣ್ಣುಗಳವು. ಮದುವೆಗಳು ಮುಂದಕ್ಕೆ ಹೋದವು, ಒಯ್ಯಲು ಯಾರೂ ಬರಲಿಲ್ಲ. ನಮ್ಮ ಯಜಮಾನರು ಅಡುಗೆ ಮಾಡುತ್ತಿದ್ದ ಹೋಟೆಲೂ ಮುಚ್ಚಿತು. ಆಗ ಎಡವಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕೆಲಸ ಕಳೆದುಕೊಂಡವರಿಗೆ ಈಗಲೂ ಬೇಕಾದೀತು.

ಮೊದಲು ಸಾಲವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯಿರಿ. ನಾನು ಅಳತೆ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದೆ. ಸಂಘದ ಸಾಲ, ವಾರದ ಕಂತು, ದಿನಸಿ ಅಂಗಡಿ ಬಾಕಿ, ಮೂರು ತಿಂಗಳ ಬಾಡಿಗೆ. ತಲೆಯಲ್ಲಿ ಅದು ಎರಡು ಲಕ್ಷದ ಹಾಗೆ ಕಾಡುತ್ತಿತ್ತು. ಕೂಡಿಸಿದರೆ 84,300. ಕಮ್ಮಿಯೇನಲ್ಲ. ಆದರೆ ರಾತ್ರಿಯೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕೋದು ನಿಂತಿತು.

ಈ ಹಾಳೆ ಇಬ್ಬರೂ ಕೂತು ಬರೆಯಬೇಕು. ನಾನೊಬ್ಬಳೇ ಬರೆದು ತಪ್ಪು ಮಾಡಿದೆ. ಇವರು ರಾತ್ರಿ ಎರಡು ಗಂಟೆಗೆ ಎದ್ದು ನೀರಿನ ಡ್ರಮ್ ಪಕ್ಕ ಕೂರುತ್ತಿದ್ದರು. ಕೇಳಿದರೆ ‘ಸೆಕೆ’ ಅನ್ನೋರು. ಹದಿನೈದು ದಿನ ಆದಮೇಲೆ ಬಾಯಿ ಬಿಟ್ಟರು: ಮೀಟರ್ ಬಡ್ಡಿಗೆ 12,000 ತಂದಿದ್ದರು, ನನಗೆ ಹೇಳಿರಲಿಲ್ಲ. ನನ್ನ ಓಲೆ ಬ್ಯಾಂಕಿನಲ್ಲಿ ಅಡ ಇಟ್ಟು ಅದನ್ನು ಮೊದಲು ತೀರಿಸಿದೆವು. ಯಾವ ಸಾಲದ ಬಡ್ಡಿ ಜಾಸ್ತಿಯೋ ಅದು ಮೊದಲು, ನೆಂಟರ ಸಾಲ ಕೊನೆಗೆ. ನೆಂಟರು ಮುಖ ಸಣ್ಣ ಮಾಡ್ತಾರೆ, ಮಾಡಲಿ ಬಿಡಿ.

ಸಾಲ ಕೊಟ್ಟವರು ಕಂತು ಮುಂದೂಡುತ್ತೇವೆ ಅಂದರೆ ‘ಬಡ್ಡಿ ನಿಲ್ಲುತ್ತಾ?’ ಅಂತ ಕೇಳಿ. ಆ ವರ್ಷ ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಕಂತಿಗೆ ಮೂರು ತಿಂಗಳ ಬಿಡುವು ಕೊಡಬಹುದು ಎಂದಿತು, ಆಮೇಲೆ ಆಗಸ್ಟ್ 31ರವರೆಗೆ ವಿಸ್ತರಿಸಿತು. ನಾನು ಮನ್ನಾ ಆಯಿತು ಅಂದುಕೊಂಡಿದ್ದೆ. ಬಡ್ಡಿ ಓಡುತ್ತಲೇ ಇತ್ತು! ಇನ್ನೊಂದು, ಮೈಕ್ರೋ ಫೈನಾನ್ಸ್‌ನವರು ವಸೂಲಿಗೆ ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. 2022ರಲ್ಲಿ ರಿಸರ್ವ್ ಬ್ಯಾಂಕೇ ನಿಯಮ ಮಾಡಿದೆ. ಆ ಹೊತ್ತಲ್ಲಿ ಫೋನ್ ಬಂದರೆ ನಡುಗಬೇಡಿ, ಸಮಯ ಬರೆದಿಟ್ಟುಕೊಳ್ಳಿ.

ರೇಷನ್ ಸಾಲಿನಲ್ಲಿ ನಿಲ್ಲೋಕೆ ನಾಚಬೇಡಿ. ತಲೆಗೆ 5 ಕೆ.ಜಿ. ಧಾನ್ಯ ಪುಕ್ಕಟೆ ಕೊಡುತ್ತಿದ್ದಾಗ ನಾನು ಸುಮ್ನೆ ಒಂದು ತಿಂಗಳು ಕಳೆದುಕೊಂಡೆ.

ಈಗ ಕಷ್ಟದ ಮಾತು. ಒಂದು ಸಂಜೆ ಇವರು ‘ನಾನಿಲ್ಲದಿದ್ರೆ ನಿಮಗೇ ಹಗುರ’ ಅಂದರು. ‘ಹುಚ್ಚು ಮಾತಾಡಬೇಡಿ’ ಅಂತ ರೇಗಿಬಿಟ್ಟೆ. ಹಾಗೆ ಮಾಡಬೇಡಿ. ಬಾಯಿ ಮುಚ್ಚಿಸಿದರೆ ಯೋಚನೆ ಹೋಗಲ್ಲ, ಒಳಗೆ ಸೇರಿಕೊಳ್ಳುತ್ತೆ. ಮರುದಿನ ಎದುರಿಗೆ ಕೂತು ನೇರವಾಗಿ ಕೇಳಿದೆ: ‘ರೀ, ಸಾಯೋ ಯೋಚನೆ ಬರ್ತಿದೆಯಾ?’ ಹೌದು ಅಂತ ತಲೆ ಆಡಿಸಿದರು. ಅವತ್ತಿನಿಂದ ಇವರನ್ನು ಒಬ್ಬರನ್ನೇ ಬಿಡಲಿಲ್ಲ. ತಮ್ಮನನ್ನು ಕರೆಸಿಕೊಂಡೆ. ನಿಮ್ಹಾನ್ಸ್‌ನ ಸಹಾಯವಾಣಿಗೆ ನಾನೇ ಫೋನ್ ಮಾಡಿ ಇವರ ಕೈಗೆ ಕೊಟ್ಟೆ. ಕಷ್ಟದಲ್ಲಿರೋರಿಗೆ ನಂಬರ್ ಒತ್ತುವುದೂ ದೊಡ್ಡ ಕೆಲಸ, ಅಲ್ವಾ? ಈಗಾದರೆ 14416, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಪುಕ್ಕಟೆ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆ ಊಟ ಎರಡೂ ಬಿಟ್ಟಿದ್ದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕರೆದುಕೊಂಡು ಹೋಗಿ. ಇವರಿಗೆ ನಾಲ್ಕು ತಿಂಗಳು ಮಾತ್ರೆ ನಡೆಯಿತು.

ಕೈಗೆ ಏನಾದರೂ ಕೆಲಸ ಕೊಡಿ, ಸಣ್ಣದಾದರೂ ಸರಿ. ಮಿಕ್ಕ ಲೈನಿಂಗ್ ಬಟ್ಟೆಯಲ್ಲಿ ಮಾಸ್ಕ್ ಹೊಲಿಯಲು ಶುರು ಮಾಡಿದಾಗ ನೆರಿಗೆ ಹಿಡಿಯುವುದು ಇವರ ಪಾಲಿಗೆ ಬಂತು. ಕರಿಗಡುಬಿನ ಅಂಚು ಮಡಿಸಿದ ಬೆರಳು. ಮೂರು ನೆರಿಗೆ, ಮೂರೂ ಒಂದೇ ಸಮ. ನಾನು ಇಷ್ಟು ವರ್ಷ ಹೊಲಿದರೂ ಅಷ್ಟು ನೀಟಾಗಿ ಬರಲ್ಲ. ದುಡ್ಡು ಹೆಚ್ಚೇನೂ ಬರಲಿಲ್ಲ. ಆದರೆ ಬೆಳಗ್ಗೆ ಹತ್ತಕ್ಕೆ ಸ್ನಾನ ಮಾಡಿ ಮೆಷಿನ್ ಪಕ್ಕ ಕೂರುತ್ತಿದ್ದರು.

ಒಬ್ಬ ಮದುವೆ ಹೆಣ್ಣು ನವೆಂಬರ್‌ನಲ್ಲಿ ಬಂದಳು. ಬ್ಲೌಸು ಬಿಗಿಯಾಗಿತ್ತು. ಬದಿ ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಟ್ಟುಕೊಟ್ಟೆ. ಇನ್ನೊಂದನ್ನು ಇವತ್ತಿಗೂ ಯಾರೂ ಕೇಳಿಲ್ಲ. ಅರ್ಧ ದುಡ್ಡು ಮುಂಗಡ ಇಲ್ಲದೆ ನಾನೀಗ ಕತ್ತರಿ ಮುಟ್ಟಲ್ಲ.