ಹಳೇ ಬೀಟಲ್ ಕಾರಿನ ಹಿಂದಿನ ಆಕ್ಸಲ್ ಬೂಟ್ ಬದಲಿಸುವುದು

ಫೋಕ್ಸ್‌ವ್ಯಾಗನ್ ಬೀಟಲ್ ನಿಲ್ಲಿಸಿದ ಜಾಗದಲ್ಲಿ, ಗೇರ್‌ಬಾಕ್ಸ್‌ನ ಪಕ್ಕಕ್ಕೆ ಗೇರ್ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಮೊದಲು ನೋಡಬೇಕಾದದ್ದು ಆಕ್ಸಲ್ ಬೂಟ್, ಅಂದರೆ ಆಕ್ಸಲ್ ಗೇರ್‌ಬಾಕ್ಸ್‌ಗೆ ಸೇರುವ ಕಡೆ ಮುಚ್ಚಿರುವ ಮಡಿಕೆ ಮಡಿಕೆಯ ರಬ್ಬರ್ ಕವಚ. ಕಾರಿನ ಕೆಳಗೆ ಬಗ್ಗಿ ನೋಡಿ. ಗೇರ್‌ಬಾಕ್ಸ್‌ನಿಂದ ಚಕ್ರದವರೆಗೆ ದಪ್ಪ ಕಬ್ಬಿಣದ ಕೊಳವೆ ಇದ್ದು, ಗೇರ್‌ಬಾಕ್ಸ್ ಪಕ್ಕದಲ್ಲಿ ಒಂದೊಂದು ದೊಡ್ಡ ಬೂಟ್ ಇದ್ದರೆ ಅದು ಸ್ವಿಂಗ್ ಆಕ್ಸಲ್ ಕಾರು. ಇಲ್ಲಿ ಹೇಳುವುದೆಲ್ಲ ಅದಕ್ಕೇ. ಕೊಳವೆಯೇ ಇಲ್ಲದೆ ತಿರುಗುವ ಶಾಫ್ಟ್ ಕಾಣುತ್ತಿದ್ದು, ಒಟ್ಟು ನಾಲ್ಕು ಸಣ್ಣ ಬೂಟ್‌ಗಳಿದ್ದರೆ ಅವುಗಳೊಳಗೆ ಗ್ರೀಸ್ ಇರುತ್ತದೆ, ಆ ಕೆಲಸ ಬೇರೆ. ಅಮೆರಿಕಕ್ಕೆ ಹೋದ ಕಾರುಗಳಲ್ಲಿ 1969ರ ಮಾಡೆಲ್‌ನಿಂದ ಈ ಎರಡನೇ ವ್ಯವಸ್ಥೆ ಬಂತು. ಬೇರೆ ದೇಶಗಳಲ್ಲಿ ಅದಾದ ಮೇಲೂ ಸ್ವಿಂಗ್ ಆಕ್ಸಲ್ ಮುಂದುವರಿಯಿತು, ಹಾಗಾಗಿ ಇಸವಿ ನೋಡಿ ಸಾಮಾನು ತರಿಸಬೇಡಿ.

ಈ ಬೂಟ್ ಹರಿದರೆ ಸುಮ್ಮನಿರಬಾರದು. ಅದರ ಹಿಂದೆ ನಿಂತಿರುವುದು ಗೇರ್‌ಬಾಕ್ಸ್‌ನ ಎಣ್ಣೆಯೇ. ಅದೇ ಎಣ್ಣೆ ಕೊಳವೆಯೊಳಗೆ ಹರಿದು ಹಿಂದಿನ ಚಕ್ರದ ಬೇರಿಂಗ್‌ಗೂ ಸಿಗುತ್ತದೆ. ಒಟ್ಟು ಇರುವುದೇ ಎರಡೂವರೆ ಲೀಟರ್; ಸೋರುತ್ತಾ ಹೋದರೆ ಗೇರ್ ಮತ್ತು ಬೇರಿಂಗ್ ಎರಡೂ ಸವೆಯುತ್ತವೆ.

ಸಾಮಾನು ತರಿಸುವ ಮೊದಲು ಸೋರಿಕೆ ಎಲ್ಲಿಂದ ಎಂದು ಖಾತ್ರಿ ಮಾಡಿಕೊಳ್ಳಿ. ಎಲ್ಲವನ್ನೂ ಒರೆಸಿ, ಹತ್ತು ಕಿಲೋಮೀಟರ್ ಓಡಿಸಿ, ಮತ್ತೆ ನೋಡಿ. ಬೂಟ್‌ನ ಮಡಿಕೆಗಳಲ್ಲಿ ಎಣ್ಣೆ ಇದ್ದರೆ ಬೂಟ್‌ನದೇ ತಪ್ಪು. ಬೂಟ್‌ಗಿಂತ ಒಳಗೆ, ಆಕ್ಸಲ್ ಕೊಳವೆಯನ್ನು ಹಿಡಿದಿರುವ ರಿಟೇನರ್ ಗೇರ್‌ಬಾಕ್ಸ್‌ಗೆ ಕೂರುವ ಕಡೆ ಒದ್ದೆಯಿದ್ದರೆ ಅದು ಅಲ್ಲಿ ನಡುವೆ ಕೂರುವ ಕಾಗದದ ಪದರದ, ಅಂದರೆ ಪೇಪರ್ ಗ್ಯಾಸ್ಕೆಟ್‌ನ ಸೋರಿಕೆ. ಅಲ್ಲಿರುವ ಆರು ನಟ್‌ಗಳನ್ನು 20 ನ್ಯೂಟನ್-ಮೀಟರ್‌ಗೆ ಬಿಗಿದರೆ ಕೆಲವೊಮ್ಮೆ ನಿಲ್ಲುತ್ತದೆ. ಗ್ಯಾಸ್ಕೆಟ್ ಬದಲಿಸಬೇಕಾಗಿ ಬಂದರೆ ಅದರ ದಪ್ಪ ಮುಖ್ಯ: ಕೊಳವೆಗೆ ಇರಬೇಕಾದ ಆಟ (ಸಡಿಲಿಕೆ) 0ಯಿಂದ 0.2 ಮಿ.ಮೀ. ಮಾತ್ರ, ಅದನ್ನು ನಿರ್ಧರಿಸುವುದು ಈ ಗ್ಯಾಸ್ಕೆಟ್‌ಗಳೇ.

ಕಾರ್ಖಾನೆಯಿಂದ ಬಂದ ಬೂಟ್ ಒಂದೇ ತುಂಡು. ಅದನ್ನು ಹಾಕಲು 36 ಮಿ.ಮೀ. ಆಕ್ಸಲ್ ನಟ್ ಬಿಚ್ಚಿ, ಡ್ರಮ್ ಮತ್ತು ಬ್ರೇಕ್ ತೆಗೆದು, ಬೇರಿಂಗ್ ಹೌಸಿಂಗನ್ನು (ಬೇರಿಂಗ್ ಕೂರುವ ಲೋಹದ ಕವಚ) ಕೊಳವೆಯಿಂದ ಪ್ರೆಸ್‌ನಲ್ಲಿ ಹೊರಗೆ ತಳ್ಳಬೇಕು. ಮತ್ತೆ ಕೂರಿಸುವಾಗ ಆ ನಟ್‌ಗೆ ಸುಮಾರು 300 ನ್ಯೂಟನ್-ಮೀಟರ್ ಬಿಗಿ. ಹಿಂದಿನ ಬೇರಿಂಗ್‌ಗಾಗಿ ಹೇಗೂ ಹೌಸಿಂಗ್ ತೆಗೆಯುತ್ತಿದ್ದರೆ ಒಂದೇ ತುಂಡಿನ ಬೂಟ್ ಹಾಕುವುದೇ ಲೇಸು, ಆದರೆ ಬಿಚ್ಚುವ ಮುಂಚೆ ಹೌಸಿಂಗನ್ನು ಹಿಡಿದಿರುವ ಸ್ಪ್ರಿಂಗ್ ಪ್ಲೇಟ್ ಮತ್ತು ಹೌಸಿಂಗ್ ಮೇಲೆ ಚಾಣದಿಂದ ಒಂದು ಗೆರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಚಕ್ರದ ಅಲೈನ್‌ಮೆಂಟ್ ಹೋಗುತ್ತದೆ. ಬೂಟ್ ಮಾತ್ರ ಬದಲಿಸುವುದಾದರೆ ಉದ್ದಕ್ಕೆ ಸೀಳಿದ, ಸಣ್ಣ ಸ್ಕ್ರೂಗಳಿಂದ ಸೇರಿಸುವ ಸ್ಪ್ಲಿಟ್ ಬೂಟ್ ಸಾಕು. ಸರಿಯಾಗಿ ಕೂರಿಸಿದರೆ ಅದೂ ವರ್ಷಗಟ್ಟಲೆ ಬಾಳುತ್ತದೆ. ಕೈಗೆ ಬಂದ ತಕ್ಷಣ ಮಡಿಕೆಗಳನ್ನು ಬಿಡಿಸಿ ನೋಡಿ. ಬಹಳ ದಿನ ಗೋಡೌನ್‌ನಲ್ಲಿದ್ದ ರಬ್ಬರ್‌ನಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದರೆ ವಾಪಸ್ ಮಾಡಿ.

ಕಾರನ್ನು ರ‍್ಯಾಂಪ್ ಮೇಲೆ ಹತ್ತಿಸಿ, ಮುಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡಿ. ಬರೀ ಜಾಕಿ ನಂಬಿ ಕೆಳಗೆ ಹೋಗಬೇಡಿ. ರ‍್ಯಾಂಪ್ ಯಾಕೆಂದರೆ ಕಾರಿನ ಭಾರ ಚಕ್ರದ ಮೇಲೇ ಇರಬೇಕು. ಜಾಕಿ ಕೊಟ್ಟು ಎತ್ತಿದರೆ ಸ್ವಿಂಗ್ ಆಕ್ಸಲ್ ಕೆಳಕ್ಕೆ ಜೋತು ಬೀಳುತ್ತದೆ. ಆ ಸ್ಥಿತಿಯಲ್ಲಿ ಬೂಟ್ ಬಿಗಿದು ಕಾರು ಇಳಿಸಿದರೆ ಅದರ ಒಂದು ಕಡೆ ಜಗ್ಗಿ, ಇನ್ನೊಂದು ಕಡೆ ಮುದುಡಿ, ಸ್ವಲ್ಪ ದಿನದಲ್ಲೇ ಸೀಳು ಬಾಯಿ ಬಿಡುತ್ತದೆ. ಹೊಸ ಬೂಟ್ ಬೇಗ ಹಾಳಾಯಿತು ಎನ್ನುವವರಲ್ಲಿ ಬಹುಪಾಲು ಮಾಡಿರುವುದು ಇದೇ ತಪ್ಪು.

ಎಣ್ಣೆ ಇಳಿಸುವ ಮುಂಚೆ ಗೇರ್‌ಬಾಕ್ಸ್‌ನ ಎಡಬದಿಯ ಫಿಲ್ಲರ್ ಪ್ಲಗ್ (ಎಣ್ಣೆ ತುಂಬಿಸುವ ತೂತಿನ ಮುಚ್ಚಳ) ಬಿಚ್ಚಿ ನೋಡಿ, 17 ಮಿ.ಮೀ. ಅಲೆನ್ ಕೀ ಬೇಕು. ಅದು ಅಲುಗದಿದ್ದರೆ ಎಣ್ಣೆ ಖಾಲಿ ಮಾಡಿಕೊಂಡು ಕೂರಬೇಕಾಗುತ್ತದೆ. ಆಮೇಲೆ ಕೆಳಗಿನ ಡ್ರೈನ್ ಪ್ಲಗ್ ತೆಗೆಯಿರಿ. ಹಳೇ ಕ್ಲಾಂಪ್ ಸಡಿಲಿಸಿ ಬೂಟನ್ನು ಚಾಕುವಿನಿಂದ ಕೊಯ್ದು ತೆಗೆಯಿರಿ, ಕೊಳವೆಗೆ ಗೀರು ಬೀಳಬಾರದು. ಒಳಗೆ ಉಳಿದ ಎಣ್ಣೆ ಒಮ್ಮೆಲೇ ಸುರಿಯುತ್ತದೆ, ಟ್ರೇ ಇಟ್ಟಿರಿ. ತೆರೆದ ಬಾಯಿಗೆ ಮಣ್ಣು ಬೀಳದಂತೆ ಒಂದು ಶುದ್ಧ ಬಟ್ಟೆ ತುರುಕಿ, ಹೊಸದನ್ನು ಮುಚ್ಚುವ ಮುಂಚೆ ಮರೆಯದೆ ತೆಗೆಯಿರಿ.

ಬೂಟ್ ಕೂರುವ ಎರಡೂ ಕಡೆ ತುಕ್ಕನ್ನು ಎಮರಿ ಪೇಪರ್‌ನಲ್ಲಿ ಉಜ್ಜಿ, ಎಣ್ಣೆಯ ಪಸೆ ಇಲ್ಲದಂತೆ ಒರೆಸಿ. ಹೊಸ ರಬ್ಬರ್‌ಗೆ ಪೆಟ್ರೋಲ್ ಅಥವಾ ಸೀಮೆಎಣ್ಣೆ ತಾಗಿಸಬೇಡಿ, ಉಬ್ಬುತ್ತದೆ.

ಈಗ ಬೂಟನ್ನು ಕೊಳವೆಗೆ ಸುತ್ತಿ, ಸೀಳು ಕಾರಿನ ಹಿಂಬದಿಗೆ, ಅಡ್ಡಮಟ್ಟದಲ್ಲಿ ಬರುವಂತೆ ತಿರುಗಿಸಿ. ಆಕ್ಸಲ್ ಆಡುವುದು ಮೇಲೆ ಕೆಳಗೆ; ಬೂಟ್‌ನ ನೆತ್ತಿ ಮತ್ತು ತಳ ಹೆಚ್ಚು ಹಿಗ್ಗಿ ಕುಗ್ಗುತ್ತವೆ, ಪಕ್ಕದ ಭಾಗಕ್ಕೆ ಜಗ್ಗಾಟ ಕಡಿಮೆ. ತಳದಲ್ಲಿ ಸೀಳು ಬಂದರೆ ಎಣ್ಣೆಯೂ ಅಲ್ಲೇ ನಿಂತಿರುತ್ತದೆ. ಸೀಳಿನ ಎರಡೂ ತುಟಿಗೆ ಗ್ಯಾಸ್ಕೆಟ್ ಸೀಲರ್ ತೆಳ್ಳಗೆ ಸವರಿ ಸ್ಕ್ರೂಗಳನ್ನೆಲ್ಲ ಕೈಯಲ್ಲೇ ಪೋಣಿಸಿ, ಬಳಿಕ ಸ್ವಲ್ಪ ಸ್ವಲ್ಪವೇ ಸರದಿಯಂತೆ ಬಿಗಿಯಿರಿ. ತುಟಿಗಳು ಪೂರ್ತಿ ಕೂಡಿ, ರಬ್ಬರ್ ಆಗಷ್ಟೇ ಉಬ್ಬತೊಡಗಿದಾಗ ನಿಲ್ಲಿಸಿ. ಇನ್ನೂ ಬಿಗಿದರೆ ಸ್ಕ್ರೂ ಇರುವಲ್ಲಿ ರಬ್ಬರ್ ಹಿಂಡಿಹೋಗಿ ಎರಡು ಸ್ಕ್ರೂಗಳ ನಡುವೆ ಸಂದು ಬಿಡುತ್ತದೆ, ಎಣ್ಣೆ ಬರುವುದು ಆ ಸಂದಿನಿಂದಲೇ.

ಮೊದಲು ದೊಡ್ಡ ಬಾಯಿಯ ಕ್ಲಾಂಪ್, ಆಮೇಲೆ ಸಣ್ಣದು. ಸಣ್ಣದನ್ನು ಬಿಗಿಯುವ ಮುಂಚೆ ಬೂಟ್ ತಿರುಚಿಕೊಂಡಿಲ್ಲ, ಮಡಿಕೆಗಳು ಸುತ್ತಲೂ ಸಮನಾಗಿವೆ ಎಂದು ಬೆರಳಾಡಿಸಿ ನೋಡಿ. ಕ್ಲಾಂಪ್‌ನ ಅಂಚು ರಬ್ಬರ್‌ನೊಳಗೆ ಇಳಿಯುವಷ್ಟು ಬಿಗಿಯಬೇಡಿ.

ಸೀಲರ್ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಟ್ಟು, ಕಾರನ್ನು ಸಮನೆಲಕ್ಕೆ ಇಳಿಸಿ, ಡ್ರೈನ್ ಪ್ಲಗ್ ಬಿಗಿದು ಎಣ್ಣೆ ತುಂಬಿಸಿ. ಎಸ್‌ಎಇ 90 ಹೈಪಾಯ್ಡ್, ಜಿಎಲ್-4 ದರ್ಜೆಯದು. ಗಡಿಬಿಡಿಯಲ್ಲಿ ಸುರಿದರೆ ಎಣ್ಣೆ ಕೊಳವೆಗಳಿಗೆ ಇಳಿಯುವ ಮೊದಲೇ ತೂತಿನಿಂದ ಹೊರಗೆ ಬಂದು, ತುಂಬಿತು ಅನ್ನಿಸುತ್ತದೆ. ಒಂದು ಲೀಟರ್ ಹಾಕಿ, ಕೆಲವು ನಿಮಿಷ ಬಿಟ್ಟು ಮತ್ತೆ ಹಾಕಿ. ಮಟ್ಟ ಫಿಲ್ಲರ್ ತೂತಿನ ಕೆಳ ಅಂಚಿಗೆ ನಿಲ್ಲಬೇಕು. ಐವತ್ತು ಕಿಲೋಮೀಟರ್ ಆದ ಮೇಲೆ ಸ್ಕ್ರೂಗಳನ್ನು ಇನ್ನೊಮ್ಮೆ ನೋಡಿ, ಸಡಿಲಾದವನ್ನಷ್ಟೇ ಕಾಲು ಸುತ್ತು ತಿರುಗಿಸಿ.